ಹಿಡಿಯದ ಮಾತ್ರೆಗೆ ಮಾಡಿದ ಪರ

ಯಜಮಾನರಿಗೆ ಮೂಳೆಯ ಮಜ್ಜೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಊರಮ್ಮನಿಗೆ ಪರ ಮಾಡುತ್ತೇನೆಂದು ಹರಸಿಕೊಂಡಿದ್ದೆ. ಗುಣವಾದರೆ ಗುಡಿಯ ಮುಂದೆ ಅಡುಗೆ ಮಾಡಿಸಿ ಊರಿಗೆ ಊಟ ಹಾಕುವ ಹರಕೆ ಅದು.

ಕೆಲವು ತಿಂಗಳು ಮಾತ್ರೆ ನುಂಗಿದ ಮೇಲೆ ಭಾವ, ಯಜಮಾನರ ಅಣ್ಣ, ಮಂಡ್ಯದ ಆಸ್ಪತ್ರೆಯಿಂದ ಬಂದು, "ಮಾತ್ರೆ ಚೆನ್ನಾಗ್ ಹಿಡ್ದದೆ ಕಣವ್ವ, ಹರಕೆ ತೀರಿಸ್ಬುಡು" ಎಂದರು. ಯಜಮಾನರೂ ತಲೆಯಾಡಿಸಿದರು. ಮರಿ ಕಡಿಸಿದೆವು. ಅಮ್ಮನ ಮುಂದೆ ನಿಂತು, "ಉಳಿಸ್ಕೊಟ್ಟೆ ತಾಯಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕೈ ಮುಗಿದೆ.

ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಮಳವಳ್ಳಿಯ ಹೆಂಗಸೊಬ್ಬಳನ್ನೂ ಕರೆದಿದ್ದೆ. ಅವಳ ಗಂಡನಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಬಡಿಸುವಾಗ ಮೆಲ್ಲಗೆ ಕೇಳಿದಳು: "ಅಕ್ಕ, ನಿಮ್ಮೋರ್ಗೆ ಮಾತ್ರೆ ಹಿಡೀನಿಲ್ವಂತೆ? ನಿಮ್ ಭಾವ ನಮ್ಮೆಜಮಾನ್ರತ್ರ ಅಂತಿದ್ರು. ಮತ್ತೆ ಪರ ಯಾಕೆ ಈಗ್ಲೇ?"

ಬಡಿಸುವುದನ್ನು ನಿಲ್ಲಿಸಲಿಲ್ಲ. ಉಣ್ಣಲು ಕೂತವರದೇನು ತಪ್ಪು? ಎಲ್ಲರೂ ಎದ್ದ ಮೇಲೆ ಯಜಮಾನರನ್ನು ಗುಡಿಯ ಹಿಂದೆ ಕರೆದು ಕೇಳಿದೆ.

"ನಿಂಗೆ ಯೋಳಿದ್ರೆ ನೀನು ಉಣ್ಣದೇ ಬುಟ್ಬುಡ್ತಿದ್ದೆ ಕಣಮ್ಮಿ. ಒಂದಿನಾನಾದ್ರೂ ನೆಮ್ಮದಿಯಾಗಿರ್ಲಿ ಅಂತ..."

"ನಂಗೆ ಸುಳ್ಳು ಯೋಳಿದ್ರಿ, ಆಯ್ತು. ಅಮ್ಮನ ಮುಂದೆ ನನ್ ಬಾಯಲ್ಲಿ ಯಾಕೆ ಯೋಳಿಸಿದ್ರಿ?"

ಹಿಂದೆಯೇ ಬಂದಿದ್ದ ಭಾವ ನಡುವೆ ಬಾಯಿ ಹಾಕಿದರು: "ಎಂಗಸ್ರಿಗೆ ಇದೆಲ್ಲ ಅರ್ಥ ಆಯ್ತದಾ?"

ಮುಂದಿನ ವಾರ ಆಸ್ಪತ್ರೆಯಲ್ಲಿ ಯಜಮಾನರು ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದಾಗ ಡಾಕ್ಟರು ಕರೆದರು. ಭಾವ ಎದ್ದರು. "ನೀವಿಲ್ಲೇ ಕೂತಿರಿ ಭಾವ" ಎಂದು ನಾನೇ ಒಳಗೆ ಹೋದೆ.

ಅರ್ಥವಾಗದ್ದೇನೂ ಇರಲಿಲ್ಲ. ನಾಲೆ ಒಡೆದು ತನ್ನ ಗದ್ದೆಗೆ ನೀರು ಕದ್ದುಕೊಳ್ಳುವವನ ಹಾಗೆ ಈ ಕಾಯಿಲೆ ಮಜ್ಜೆಯೊಳಗೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದಂತೆ. ಮಾತ್ರೆ ಅದನ್ನು ತಡೆಯಬೇಕು. ಆದರೆ ನಾಳ ಬೆಳೆಸುವ ಜೀನುಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಬ್ಬರಿಗೆ ಹಿಡಿದ ಮಾತ್ರೆ ಇನ್ನೊಬ್ಬರಿಗೆ ಹಿಡಿಯದಿರಲು ಅದೂ ಒಂದು ಕಾರಣ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. "ಹುಟ್ಟಿನಿಂದ ಬಂದಿದ್ದಮ್ಮ, ಯಾರ ತಪ್ಪೂ ಅಲ್ಲ. ಇಂಜೆಕ್ಷನ್ ಇದೆ, ನೋಡೋಣ."

ನನ್ನ ಪೂಜೆಯ ಕೊರತೆಯಲ್ಲ ಎಂಬುದೇ ದೊಡ್ಡದು. ಬೇರೆ ಔಷಧಿ ಇದೆ. ಯಜಮಾನರು ಇನ್ನೂ ತಾವೇ ನಡೆದು ಬಸ್ಸು ಹತ್ತುತ್ತಾರೆ. ಅಷ್ಟಕ್ಕೆ ಅಲ್ಲೇ ಕೈ ಮುಗಿದೆ.

"ಡಾಕ್ಟ್ರು ಏನಂದ್ರು?" ರಕ್ತ ಕೊಟ್ಟು ಬಂದ ಯಜಮಾನರು ಕೇಳಿದರು.

ಎಲ್ಲವನ್ನೂ ಹೇಳಿದೆ, ಇಂಜೆಕ್ಷನ್ನೂ ಹಿಡಿಯದೆ ಹೋಗಬಹುದು ಎನ್ನುವುದನ್ನೂ ಸೇರಿಸಿ. ಅವರ ಮುಖ ಬಾಡಿತು. ಬಾಡಲಿ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಅವರಿಗೇ ಬಿಟ್ಟುಕೊಟ್ಟೆ.