ಚಿಕ್ಕಪ್ಪನ ಎಲೆ

ನಾನು ಚಿಕ್ಕವನಿದ್ದಾಗ ವರ್ಷಕ್ಕೆ ಎರಡೇ ಸಲ ಹೊಟ್ಟೆ ತುಂಬ ಮಾಂಸ ತಿನ್ನುತ್ತಿದ್ದೆ. ಒಂದು ಕ್ರಿಸ್ಮಸ್ ದಿನ, ಇನ್ನೊಂದು ಈಸ್ಟರ್ ದಿನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಒಂದು ತುಂಡು ಮಾಂಸದ ಪಾಲು ದೊಡ್ಡದು. ನಿಮ್ಮ ಈ ತಾತ ಚಿಕ್ಕಂದಿನಲ್ಲಿ ಬಹಳ ಸಾಧು ಹುಡುಗನಾಗಿದ್ದ ಎಂದು ನೀವು ನಂಬಿಕೊಂಡಿದ್ದರೆ, ಮಕ್ಕಳೇ, ಅದನ್ನೂ ಇಲ್ಲಿಗೇ ಬಿಟ್ಟುಬಿಡಿ.

ಕೊಡಗಿನ ಹುದಿಕೇರಿಯಿಂದ ಒಳಗೆ ಹೋದರೆ ಸಿಗುತ್ತಿದ್ದ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ ನಮ್ಮ ಮನೆ. ಲೈನು ಎಂದರೆ ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲಾಗಿ ಆಳುಗಳ ಮನೆಗಳು. ಒಂದು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಸಾಲಿನವರೆಲ್ಲ ಸೀನುತ್ತಿದ್ದರು. ಅಪ್ಪ ಅಲ್ಲಿ ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ. ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಸಾಕಿದವಳು ಅಕ್ಕ. ಅಕ್ಕ ಯಾರೆಂದು ನಿಮಗೆ ಗೊತ್ತೇ ಇದೆ. ಕೋಲೂರಿಕೊಂಡು ಮನೆಯೆಲ್ಲ ಓಡಾಡುವ ನಿಮ್ಮ ದೊಡ್ಡಜ್ಜಿಯೇ ಅವಳು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಎಸ್ಟೇಟಿನ ಲಾರಿ ಓಡಿಸುತ್ತಿದ್ದ.

ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಒಬ್ಬ ಉಪದೇಶಿ ಇದ್ದರು. ದೇವರ ವಾಕ್ಯ ಹೇಳುತ್ತ ಲೈನಿಂದ ಲೈನಿಗೆ ನಡೆದುಕೊಂಡೇ ಹೋಗುವವರು. ಸಣ್ಣ ಮೈ, ದೊಡ್ಡ ದನಿ, ಕಪ್ಪು ಕೊಡೆ, ಹತ್ತಿರ ಬಂದರೆ ನಶ್ಯದ ವಾಸನೆ. ಕಾಫಿ ಒಣಗಿಸುವ ಕಣದ ಮೇಲೆ ಇದ್ದಿಲಿನಿಂದ ಬರೆದು ಬರೆದು ಅಪ್ಪನಿಗೆ ಅಕ್ಷರ ಕಲಿಸಿದವರು ಅವರೇ. ನಾವು ಮಕ್ಕಳು ಅವರನ್ನು ಉಪದೇಶಿ ತಾತ ಎನ್ನುತ್ತಿದ್ದೆವು. ಅವರಿಗಿದ್ದದ್ದು ಒಬ್ಬಳೇ ಮಗಳು, ಅಕ್ಕನ ಜೊತೆಗಾತಿ.

ಒಂದು ಕೊಯ್ಲಿನ ಕಾಲದಲ್ಲಿ ಚಿಕ್ಕಪ್ಪ ಸಾರಾಯಿ ಕುಡಿದು ಲಾರಿ ಹತ್ತಿದ. ಹಿಂದೆ ಕೊಯ್ಲಿನ ಹೆಂಗಸರು ಕೂತಿದ್ದರು. ಇಳಿಜಾರಿನ ತಿರುವಿನಲ್ಲಿ ಲಾರಿ ಮಗುಚಿತು. ಉಪದೇಶಿ ತಾತನ ಮಗಳು ಅಲ್ಲೇ ಸತ್ತಳು. ಅಕ್ಕನ ಎಡಗಾಲು ಲಾರಿಯ ಅಡಿಗೆ ಸಿಕ್ಕಿ ನಜ್ಜುಗುಜ್ಜಾಯಿತು. ಚಿಕ್ಕಪ್ಪನಿಗೆ ಒಂದು ಗೀರೂ ಆಗಲಿಲ್ಲ. ಅವನನ್ನು ಜೈಲಿಗೆ ಹಾಕಿದರು. ಅಪ್ಪ ತಮ್ಮನ ಹೆಸರೆತ್ತುವುದನ್ನು ಬಿಟ್ಟ. ಮನೆಯಲ್ಲಿ ಉಳಿದಿದ್ದ ಅವನ ಅಂಗಿಯನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ಕಾಫಿ ಕಾಯಿಸಿ ಕುಡಿದ.

ಅದಾದ ಮೇಲೆ ಬಂದ ಈಸ್ಟರ್ ದಿನ ಸಭೆಯವರೆಲ್ಲ ಅಂಗಳದಲ್ಲಿ ಊಟಕ್ಕೆ ಕೂತಾಗ, ಉಪದೇಶಿ ತಾತ ಸಾಲಿನ ಕೊನೆಯಲ್ಲಿ ಒಂದು ಬಾಳೆ ಎಲೆ ಹೆಚ್ಚಿಗೆ ಹಾಕಿದರು. ಯಾರಿಗೆ ಎಂದು ಯಾರೋ ಕೇಳಿದರು.

“ಜೈಲಲ್ಲಿರೋ ನಮ್ಮ ಹುಡುಗನಿಗೆ. ಅವ್ನು ಬರೋ ತನಕ ಪ್ರತಿ ಈಸ್ಟರಿಗೂ ಹಾಕೋದೇ” ಎಂದರು.

ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಎಲೆ ಬಿಟ್ಟು ಏಳಲು ಹೋದ. ತಾತ ಅವನ ಭುಜ ಹಿಡಿದು ಕೂರಿಸಿದರು. “ಸತ್ತೋಳು ನನ್ನ ಮಗಳು ಕಣಯ್ಯಾ. ಹೊರಗೆ ನಿಂತವನನ್ನ ಒಳಗೆ ಕರೆದು ಕೂರಿಸದೆ ಇದ್ರೆ ವಿಮೋಚನೆ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?” ಎಂದರು. ಎಲ್ಲರಿಗೂ ಬಡಿಸಿದ್ದನ್ನು ಆ ಎಲೆಗೂ ಬಡಿಸಿದರು. ಊಟ ಮುಗಿದ ಮೇಲೆ ಅನ್ನ ಹಾಳಾಗಬಾರದೆಂದು, ಸಾಲಿನಲ್ಲಿ ಸ್ವಂತ ಎಲೆ ಹಾಕಿಕೊಂಡು ಕೂತ ಎಲ್ಲರಿಗಿಂತ ಚಿಕ್ಕ ಮಗುವಿಗೆ ಅದನ್ನು ಕೊಡಿಸಿದರು. ಆ ಚಿಕ್ಕ ಮಗು ನಾನು.

ಮೂರು ಈಸ್ಟರ್ ನಾನು ಚಿಕ್ಕಪ್ಪನ ಎಲೆ ಉಂಡೆ. ಮೂರನೆಯದು ಕಳೆದು ಮಳೆಗಾಲದಲ್ಲಿ ತಾತ ಜ್ವರ ಬಂದು ತೀರಿಕೊಂಡರು. ಅವರು ಬಿಟ್ಟು ಹೋದದ್ದು ಒಂದು ಕೊಡೆ, ಒಂದು ಬೈಬಲ್ಲು, ಆಮೇಲೆ ಈ ಎಲೆ. ಓದಲು ಬರುತ್ತಿದ್ದವನು ಅಪ್ಪನಾದ್ದರಿಂದ ಬೈಬಲ್ಲು ಅವನ ಕೈಗೆ ಬಂತು. ಎಲೆ ಹಾಕುವ ಹೊಣೆಯೂ ಅವನ ತಲೆಗೇ ಬಂತು. ತಾತನ ನೆನಪಿಗೆ ಅದನ್ನು ತಪ್ಪಿಸಬಾರದು ಎಂದು ಸಭೆಯವರೇ ಪಟ್ಟು ಹಿಡಿದರು. ಆ ಎಲೆಯ ಮಾತು ಬಂದರೆ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು ಕೂಡ.

ನಾಲ್ಕನೆಯ ಈಸ್ಟರ್ ಬಂತು. ನನಗೆ ಎಂಟು ವರ್ಷ. ವಾರದ ಹಿಂದೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ಆ ಘಮಕ್ಕೆ ತಲೆ ಭಾರವಾಗುತ್ತಿತ್ತು, ಜೇನುಹುಳಗಳ ಗುಂಯ್‌ಗುಡುವಿಕೆ ಅಪ್ಪನ ಪ್ರಾರ್ಥನೆಯನ್ನೂ ಮೀರಿ ಕೇಳುತ್ತಿತ್ತು. ನನಗೆ ಪ್ರಾರ್ಥನೆಯೂ ಬೇಕಿರಲಿಲ್ಲ, ಹೂವೂ ಬೇಕಿರಲಿಲ್ಲ. ಹಿಂದೆ ದೊಡ್ಡ ಪಾತ್ರೆಯಲ್ಲಿ ಕಾಚಂಪುಳಿಯ ಹುಳಿ ಹಾಕಿದ ಹಂದಿ ಸಾರು ಕುದಿಯುತ್ತಿತ್ತು. ಪಕ್ಕದ ಮನೆಯ ಪುಟಾಣಿ ಮುಂದಿನ ವರ್ಷ ತನ್ನದೇ ಎಲೆಗೆ ಕೂರುವವಳು. ಹಾಗಾಗಿ ಎರಡು ಪಾಲು ತಿನ್ನುವ ಯೋಗ ನನಗೆ ಇದೇ ಕೊನೆ.

ಅಕ್ಕ ಸ್ಟೂಲಿನ ಮೇಲೆ ಕೂತು, ಚಿಕ್ಕಪ್ಪನ ಎಲೆಗೆ ತಾನೇ ಬಡಿಸಿದಳು. ನಾಲ್ಕು ಕಡುಬು, ಸಾರು, ಕೊಬ್ಬಿನ ಸಮೇತ ಒಂದು ದೊಡ್ಡ ತುಂಡು. ಆ ತುಂಡಿನ ಮೇಲೆಯೇ ನನ್ನ ಕಣ್ಣು.

ಆಗ ಅವನು ಬಂದ. ಮೊದಲು ನನಗೆ ಗುರುತೇ ಸಿಗಲಿಲ್ಲ. ಕೂದಲು ಕತ್ತರಿಸಿ ತಲೆ ಬೋಳುಬೋಳಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯದೇನೋ ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದ ಅಂಚಿನಲ್ಲಿ ನಿಂತ. ಹೆಂಗಸರು ಮಕ್ಕಳನ್ನು ಹತ್ತಿರ ಎಳೆದುಕೊಂಡರು.

“ಅಣ್ಣಾ, ಉಪದೇಶಿಗಳು ಕಾಗದ ಬರೆದಿದ್ರು. ನಂಗೂ ಒಂದು ಎಲೆ ಹಾಕ್ತಾ ಇದೀವಿ, ಬಿಟ್ಟ ದಿನ ಸೀದಾ ಇಲ್ಲಿಗೇ ಬಾ ಅಂತ” ಎಂದ.

“ಬರೆದೋರು ಮಣ್ಣಾದ್ರು” ಎಂದ ಅಪ್ಪ. “ಆ ಎಲೆ ಅವರ ನೆನಪಿಗೆ ಹಾಕೋದು. ನಿನಗಲ್ಲ.”

ಚಿಕ್ಕಪ್ಪ ಸಾಲಿನ ಉದ್ದಕ್ಕೂ ಒಂದೊಂದೇ ಮುಖ ನೋಡಿದ. ತಾತ ಇದ್ದಾಗ ಆಮೆನ್ ಅಂದವರೆಲ್ಲ ಎಲೆಯ ಕಡೆ ತಲೆ ಬಗ್ಗಿಸಿದರು. ಒಬ್ಬ ಅವನ ಕಾಲ ಬಳಿಗೆ ಎಲೆ ಅಡಿಕೆ ಉಗಿದ. “ಅಣ್ಣಾ, ಒಂದು ತುತ್ತು ಉಂಡು ಹೋಗ್ತೀನಿ, ಆಮೇಲೆ ಈ ಕಡೆ ತಲೆ ಹಾಕಲ್ಲ” ಎಂದ ಚಿಕ್ಕಪ್ಪ. ಅಪ್ಪ ಒಲೆಯಿಂದ ಸೌದೆ ಎಳೆದು ಕೈಗೆ ತೆಗೆದುಕೊಂಡ. ಚಿಕ್ಕಪ್ಪ ಹಿಂದಕ್ಕೆ ತಿರುಗಿದ.

ಅಕ್ಕ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದಳು. “ಪುಟ್ಟಾ, ನಂಗೆ ಓಡಕ್ಕಾಗಲ್ಲ, ನೀನು ಓಡು. ಅಕ್ಕ ಕರೀತಾಳೆ, ಪಕ್ಕದಲ್ಲಿ ಕೂತು ಉಣ್ಬೇಕಂತೆ ಅನ್ನು. ಅಪ್ಪನ್ನ ನಾನು ನೋಡ್ಕೋತೀನಿ. ಕಾಲು ಹೋಗಿರೋದು ನಂದು, ನಾನು ಕರೆದ್ರೆ ಯಾರೇನು ಅಂತಾರೆ?”

ನಾನು ಓಡಿದೆ. ಎಸ್ಟೇಟಿನ ಗೇಟಿನ ಹತ್ತಿರ ಅವನು ಕಲ್ಲಿನ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ನನ್ನನ್ನು ಕಂಡದ್ದೇ ತಡ, ಎದ್ದು ನಿಂತ. ಅವನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ.

“ನಿಮ್ಮಕ್ಕ ಏನಾದ್ರೂ ಹೇಳಿ ಕಳಿಸಿದ್ಲೇನೋ?”

ಇವನು ವಾಪಸು ಬಂದರೆ ತುಂಡು ಹೋಯಿತು ಎಂದು ನನ್ನ ತಲೆಯಲ್ಲಿ ಓಡಿತು. ಅದೊಂದೇ ಓಡಿತು. ಅಕ್ಕನ ಕಾಲಿಗಾಗಿ ನನಗೆ ಸಿಟ್ಟಿತ್ತು ಎಂದು ಆಮೇಲೆ ಎಷ್ಟೋ ವರ್ಷ ನನಗೇ ನಾನು ಹೇಳಿಕೊಂಡೆ. ಅದು ಸುಳ್ಳು. ನನಗಿದ್ದದ್ದು ಬಾಯಿಚಪಲ.

“ನಿನ್ನ ಮುಖ ನೋಡಕ್ಕೆ ಅಸಹ್ಯ ಅಂದ್ಲು ಅಕ್ಕ. ನೀನು ಜೈಲಲ್ಲೇ ಸಾಯ್ಬೇಕಿತ್ತಂತೆ” ಎಂದೆ. ಎರಡನೆಯ ಮಾತನ್ನು ಯಾಕೆ ಸೇರಿಸಿದೆನೋ ನನಗೆ ಗೊತ್ತಿಲ್ಲ.

ಅವನು ಬಯ್ಯಲಿಲ್ಲ. ಹ್ಞೂಂ ಎಂದು ತಲೆ ಆಡಿಸಿದ. ಕಂಕುಳಲ್ಲಿದ್ದುದಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಒಂದು ಊರುಗೋಲು ನನ್ನ ಕೈಗಿಟ್ಟ. “ಅಲ್ಲಿ ಬಡಗಿ ಕೆಲಸ ಕಲಿತೆ. ಅಕ್ಕನಿಗೆ ಅಂತ ಮಾಡಿದ್ದು. ನಾನು ಕೊಟ್ಟೆ ಅನ್ಬೇಡ” ಎಂದ. ಹಿಡಿಯುವ ಕಡೆ ಕೈಗೆ ಒಗ್ಗುವಂತೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಗೇಟು ದಾಟಿ ರಸ್ತೆಗಿಳಿದು ಹೊರಟುಹೋದ.

ಕೋಲು ತೆಗೆದುಕೊಂಡು ಹೋದರೆ ಸಿಕ್ಕಿಬೀಳುತ್ತೇನಲ್ಲ? ಕಾಫಿ ಸಿಪ್ಪೆ ಕೊಳೆಹಾಕುವ ಗುಂಡಿಗೆ ಅದನ್ನು ತುರುಕಿ, ಮೇಲೆ ಸಿಪ್ಪೆ ಎಳೆದೆ. ಅವನು ಸಿಗಲೇ ಇಲ್ಲ ಎಂದು ಅಕ್ಕನಿಗೆ ಹೇಳಿ, ಗಬ್ಬು ನಾರುವ ಕೈ ತೊಳೆದುಕೊಂಡು ಬಂದು ಚಿಕ್ಕಪ್ಪನ ಎಲೆಯ ಮುಂದೆ ಕೂತೆ. ತುಂಡು ರುಚಿಯಾಗಿತ್ತು. ರುಚಿ ಇರಲಿಲ್ಲ ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಇತ್ತು. ಎಲುಬನ್ನೂ ಚೀಪಿದೆ.

ಚಿಕ್ಕಪ್ಪ ಮತ್ತೆ ಬರಲಿಲ್ಲ. ಕರಿಕೆಯ ಕಡೆ ಬಡಗಿ ಕೆಲಸ ಮಾಡಿಕೊಂಡಿದ್ದಾನೆ ಎಂದು ಒಮ್ಮೆ ಸುದ್ದಿ ಬಂತು, ಇನ್ನೊಮ್ಮೆ ಸತ್ತ ಎಂದು ಬಂತು. ಅಪ್ಪ ಸಾಯುವ ಕಾಲಕ್ಕೆ, “ನಾನೇ ಅಟ್ಟಿಬಿಟ್ಟೆ ಕಣೋ, ಉಪದೇಶಿಗಳಿಗೆ ಹೋಗಿ ಏನು ಹೇಳ್ಲಿ” ಎಂದು ನನ್ನ ಕೈ ಹಿಡಿದು ಅತ್ತ. ನಾನು ಅವನ ಬೆನ್ನು ಸವರುತ್ತ ಸುಮ್ಮನೆ ಕೂತಿದ್ದೆ. ಇಡೀ ಭಾರವನ್ನು ಅವನೇ ಹೊತ್ತುಕೊಂಡು ಹೋಗಲಿ ಎಂದು ಬಿಟ್ಟೆ. ಅಕ್ಕ ಮಾತ್ರ ಇವತ್ತಿಗೂ ಈಸ್ಟರ್ ಬಂದರೆ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಾಳೆ. ಯಾರಿಗೆ ಎಂದು ಹೋದ ಸಲ ನೀವು ಕೇಳಿದಿರಿ. ನಾನು ಎದ್ದು ನೀರು ಕುಡಿಯಲು ಹೋದೆ.

ನಿಮಗೀಗ ವಾರಕ್ಕೆ ಮೂರು ದಿನ ಕೋಳಿ. ಎಲುಬಿನಲ್ಲಿ ಇನ್ನೂ ಮಾಂಸವಿರುವಾಗಲೇ ತಟ್ಟೆ ಆಚೆ ತಳ್ಳುತ್ತೀರಿ. ಒಂದು ತುಂಡಿನ ಆಸೆಗೆ ಒಬ್ಬ ಮನುಷ್ಯನನ್ನು ಅಟ್ಟಬಹುದೆಂದರೆ ನಿಮಗೆ ನಂಬಲಾಗುವುದಿಲ್ಲ. ನಿಮ್ಮ ಕಾಲದಲ್ಲಾಗಿದ್ದರೆ ಅಕ್ಕ ಮೊಬೈಲಿನಲ್ಲಿ ಅವನನ್ನು ತಾನೇ ಕರೆಯುತ್ತಿದ್ದಳು. ನಡುವೆ ನನ್ನಂಥ ಹುಡುಗನ ಬಾಯಿ ಇರುತ್ತಿರಲಿಲ್ಲ.

ದೊಡ್ಡಜ್ಜಿಗೆ ಈಗ ಕಣ್ಣು ಮಂಜು. ಭಾನುವಾರ ಮಧ್ಯಾಹ್ನ ನೀವು ಅವಳಿಗೆ ಏನಾದರೂ ಓದಿ ಹೇಳುತ್ತೀರಲ್ಲ, ಈ ಭಾನುವಾರ ಇದನ್ನು ಓದಿ. ನಾನು ಹೊರಗೆ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರು ಓಡಿ ಬಂದು, ಅವಳು ಏನಂದಳೋ ಅದನ್ನು ನನಗೆ ಹೇಳಿ. ಬಯ್ದಿದ್ದರೆ ಬಯ್ದ ಮಾತನ್ನೇ ಹೇಳಿ. ಒಳಗೆ ಬರಬೇಡ ಅಂದಿದ್ದರೆ ಅದನ್ನೂ ಹೇಳಿ. ಮರುಕಪಟ್ಟು ನೀವಾಗಿ ಒಂದು ಮಾತೂ ಸೇರಿಸಬೇಡಿ.