ಅಕ್ಕಿ ಗಂಟಿನ ಮೇಲೆ ತೆಗೆದ ಜೋಗ

ಭದ್ರಾವತಿಯ ನಮ್ಮ ಕಾರ್ಖಾನೆಯ ಕ್ಲಬ್ಬಿನ ಗೋಡೆಯಲ್ಲಿ ಜೋಗ ಜಲಪಾತದ ಫೋಟೋ ಒಂದು ಬಹಳ ವರ್ಷ ತೂಗುತ್ತಿತ್ತು. ಅದರ ಕೆಳಗೆ ನನ್ನ ಗಂಡನ ಹೆಸರಿತ್ತು. ತೆಗೆದವಳು ನಾನು. ಈಗ ನೆನೆದರೂ ಪಿತ್ತ ನೆತ್ತಿಗೇರುತ್ತದೆ. ಏರಲಿ ಬಿಡಿ, ನನಗೇನೂ ನಾಚಿಕೆಯಿಲ್ಲ.

ನನ್ನ ಅಪ್ಪನಿಗೆ ಶಿವಮೊಗ್ಗದ ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇತ್ತು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಕತ್ತಲೆ ಕೋಣೆಯ ಕೆಲಸವೆಲ್ಲ ನನ್ನ ಕೈಗೆ ಬಂತು. ಮದುವೆಯಾಗಿ ಭದ್ರಾವತಿಗೆ ಹೊರಟಾಗ ಅಪ್ಪ ತಮ್ಮ ಮಡಿಸುವ ಕ್ಯಾಮರಾವನ್ನು ನನ್ನ ಸೀರೆಗಳ ನಡುವೆ ಇಟ್ಟು ಕಳಿಸಿದರು. ಗಂಡ ಕಾರ್ಖಾನೆಯಲ್ಲಿ ಗುಮಾಸ್ತರು. ಅವರಿಗೆ ಆ ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ಓಡಾಡುವುದು ಬರುತ್ತಿತ್ತು, ಅಷ್ಟೇ.

ಲಿಂಗನಮಕ್ಕಿಯ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ. ಮಳೆ ಹಿಂದೆಗೆದ ಮೇಲೆ ಕಾರ್ಖಾನೆಯವರು ಬಸ್ಸು ಮಾಡಿಕೊಂಡು ಸಂಸಾರ ಸಮೇತ ಜೋಗಕ್ಕೆ ಹೋದೆವು. ಕ್ಲಬ್ಬಿನ ಫೋಟೋ ಪ್ರದರ್ಶನ ಹತ್ತಿರವಿದ್ದುದರಿಂದ ಗಂಡಸರು ಕ್ಯಾಮರಾ ತಂದಿದ್ದರು. ಸ್ಟ್ಯಾಂಡು ಮಾತ್ರ ಕ್ಲಬ್ಬಿನದು ಒಂದೇ, ಅದರ ಮೇಲೆ ಕಾರ್ಯದರ್ಶಿ ಸಾಹೇಬರ ಕ್ಯಾಮರಾ ಕೂತಿತ್ತು. ಒಂದು ಗಳಿಗೆ ಕೊಡಿ ಎಂದು ಕೇಳಿದೆ.

"ಇದು ಆಟದ ಸಾಮಾನಲ್ಲ ಕಣಮ್ಮ. ಹೋಗಿ ಅಡುಗೆ ನೋಡ್ಕೊಳ್ಳಿ," ಅಂದರು.

ಉಳಿದವರು ಕೈಯಲ್ಲಿ ಹಿಡಿದು ತೆಗೆಯಬೇಕು. ಕೈ ಅಲುಗುತ್ತದೆಂದು ಎಲ್ಲರೂ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಹಿಡಿಯುವ ವೇಗದ ಫಿಲಂ ಹಾಕಿದ್ದರು. ಅದರಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿದರೆ ನೀರಿನ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ನಿಧಾನದ ಫಿಲಂ ಹಾಕಿದರೆ ರವೆ ಬರುವುದಿಲ್ಲ, ಆದರೆ ಕ್ಯಾಮರಾ ಒಂದಿಷ್ಟೂ ಅಲುಗಬಾರದು ಎಂದು ಅಪ್ಪ ನನಗೆ ಕಲಿಸಿದ್ದರು. ನಾನು ಹಾಕಿದ್ದು ನಿಧಾನದ್ದನ್ನೇ. ಅಲುಗದಂತೆ ಕೂರಿಸುವುದೆಲ್ಲಿ? ಅಡುಗೆ ನೋಡಿಕೋ ಅಂದರಲ್ಲ, ಹೋಗಿ ನೋಡಿದೆ. ಊಟಕ್ಕೆಂದು ತಂದ ಅಕ್ಕಿ ಬಟ್ಟೆಯ ಗಂಟಿನಲ್ಲಿತ್ತು.

ಗಂಟನ್ನು ತಂದು ಮೋಟುಗೋಡೆಯ ಮೇಲಿಟ್ಟು, ನಡುವೆ ಗುಳಿ ಮಾಡಿ, ಅಪ್ಪನ ಕ್ಯಾಮರಾವನ್ನು ಅದರೊಳಗೆ ಒತ್ತಿದೆ. ಅಕ್ಕಿ ಸರಿದು ಎಲ್ಲ ಕಡೆಯಿಂದ ಅದನ್ನು ಹಿಡಿದುಕೊಂಡಿತು. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಪೂರ್ತಿ ಕಿರಿದು ಮಾಡಿ, ಬೆರಳೊತ್ತಿದರೆ ಅರ್ಧ ಸೆಕೆಂಡು ಬೆಳಕು ಬೀಳುವಂತೆ ಇಟ್ಟೆ. ತುಂತುರು ಹಾರಿ ಬಂದಾಗಲೆಲ್ಲ ಲೆನ್ಸಿಗೆ ಸೆರಗು ಮುಚ್ಚಿ ಗಾಳಿ ತಿರುಗುವವರೆಗೆ ಕಾದೆ. ನೋಡಿದವರು, ಇವಳು ಅಕ್ಕಿ ಗಂಟಿಗೆ ಪೂಜೆ ಮಾಡುತ್ತಿದ್ದಾಳೆಂದು ನಕ್ಕರು. ನನ್ನ ಗಂಡ ಎದುರಿನ ಬಂಡೆಯ ಮೇಲೆ ಛತ್ರಿ ಊರಿ ನಿಂತಿದ್ದರು. "ರೀ, ಅಲ್ಲಾಡ್ಬೇಡಿ!" ಎಂದು ಕೂಗಿ, ಉಸಿರು ಬಿಟ್ಟು, ಮೆಲ್ಲಗೆ ಬೆರಳೊತ್ತಿದೆ. ಅಷ್ಟರಲ್ಲಿ ಒಲೆಯ ಹತ್ತಿರದಿಂದ ಅತ್ತೆ, "ಎಸರು ಬತ್ತಿ ಹೋಗ್ತಾ ಇದೆ, ಅಕ್ಕಿ ಎಲ್ಲಿ ಮಾರಾಯ್ತಿ?" ಎಂದು ಕಿರುಚಿದರು.

ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ, ಅಪ್ಪನ ಕತ್ತಲೆ ಕೋಣೆಯಲ್ಲಿ ನಾನೇ ತೊಳೆದು ದೊಡ್ಡದು ಮಾಡಿದೆ. ನೀರು ಹಾಲಿನ ಹಾಗೆ ಇಳಿದಿತ್ತು, ಬಂಡೆಯ ಬಿರುಕುಗಳನ್ನು ಎಣಿಸಬಹುದಿತ್ತು. ರವೆ ಎಳ್ಳಷ್ಟೂ ಇಲ್ಲ. ಒಂದು ಮೂಲೆಯಲ್ಲಿ ನನ್ನ ಗಂಡ, ಛತ್ರಿ ಕನ್ನಡಕ ಸಮೇತ, ಯಾರಾದರೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ನಿಂತಿದ್ದರು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಹೆಸರಿನಲ್ಲಿ ಪ್ರದರ್ಶನಕ್ಕೆ ಕೊಡಿ ಎಂದು ಹೇಳಿ ಗಂಡನ ಕೈಗೆ ಕೊಟ್ಟೆ.

ಪ್ರದರ್ಶನದ ದಿನ ಹೆಂಗಸರಿಗೂ ಕ್ಲಬ್ಬಿನೊಳಗೆ ಪ್ರವೇಶವಿತ್ತು. ಹೋಗಿ ನೋಡಿದರೆ ನನ್ನ ಫೋಟೋಗೆ ಮೊದಲ ಬಹುಮಾನ, ಕೆಳಗೆ ಅವರ ಹೆಸರು, ಅವರ ಕೊರಳಲ್ಲಿ ಹಾರ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತ್ತು. ಪಕ್ಕದಲ್ಲೇ ಸಾಹೇಬರ ಫೋಟೋ. ಗಾಳಿಗೆ ಆ ಸ್ಟ್ಯಾಂಡೇ ನಡುಗಿ, ಜೋಗವೆಲ್ಲ ಎರಡೆರಡಾಗಿ ಕಾಣುತ್ತಿತ್ತು.

"ಏನ್ರೀ ಇದು?" ಎಂದು ಗಂಡನನ್ನು ಕೇಳಿದೆ.

"ಸದಸ್ಯರ ಹೆಸರೇ ಹಾಕ್ಬೇಕಂತೆ ಕಣೇ. ಯಾರ ಹೆಸರಾದ್ರೇನು, ಬಹುಮಾನ ನಮ್ಮನೆಗೇ ತಾನೆ ಬರೋದು?"

ನನಗೆ ಬೇಕಾದದ್ದು ಬಹುಮಾನವಲ್ಲ. ಇದನ್ನು ತೆಗೆದವಳು ಇವಳು ಎಂದು ಆ ಕ್ಲಬ್ಬಿನಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಜೋಗದಲ್ಲಿ ನನ್ನನ್ನು ನೋಡಿ ನಕ್ಕವರೆಲ್ಲ ಅಲ್ಲೇ ಕಾಫಿ ಕುಡಿಯುತ್ತ ನಿಂತಿದ್ದರು. ಒಬ್ಬರಿಗೂ ನೆನಪಿಲ್ಲವೇ? ಸಾಹೇಬರು ನನ್ನ ಗಂಡನ ಬೆನ್ನು ತಟ್ಟಿ, "ಸ್ಟ್ಯಾಂಡಿಲ್ದೆ ಹೇಗ್ರೀ ತೆಗೆದ್ರಿ? ಕೈ ಅಂದ್ರೆ ಕೈ ನಿಮ್ದು!" ಅಂದರು. ಇನ್ನು ತಡೆಯಲಾಗಲಿಲ್ಲ. ಮುಂದೆ ಹೋಗಿ ಫೋಟೋದ ಮೇಲೆ ಬೆರಳಿಟ್ಟೆ.

"ಇಲ್ಲಿ ಛತ್ರಿ ಹಿಡ್ಕೊಂಡು ನಿಂತಿರೋರು ಇವರೇ ಸಾರ್. ಹಾಗಾದ್ರೆ ತೆಗೆದಿದ್ದು ಯಾರು?"

ಎಲ್ಲರೂ ಬಗ್ಗಿ ನೋಡಿದರು. ಈಗಲಾದರೂ ನನ್ನ ಕಡೆ ತಿರುಗುತ್ತಾರೆ ಎಂದುಕೊಂಡೆ. ಸಾಹೇಬರು ಗಟ್ಟಿಯಾಗಿ ನಕ್ಕರು.

"ಓಹೋ, ಗುಂಡಿ ಒತ್ತಿಟ್ಟು ಓಡಿ ಹೋಗಿ ನಿಂತ್ಕೊಂಡಿದ್ದೀರಿ! ಕ್ಯಾಮರಾ ತಾನೇ ತೆಗ್ದಿದೆ. ಭಲೇ ಜಾಣರು ಕಣ್ರೀ ನೀವು!"

ತಾನಾಗಿಯೇ ತೆಗೆಯುವ ಗುಂಡಿ ಆಗ ಕೆಲವು ಕ್ಯಾಮರಾಗಳಲ್ಲಿ ಇರುತ್ತಿತ್ತು. ಅಪ್ಪನದರಲ್ಲಿ ಇರಲಿಲ್ಲ. ನನ್ನ ಗಂಡನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ಕೊರಳಿನ ಹಾರವನ್ನು ಸರಿಮಾಡಿಕೊಂಡು, "ಹೌದು ಸಾರ್," ಅಂದರು.