ತೊಳೆಯದೆ ಬಿಟ್ಟ ಬಟ್ಟಲು

ಕೋಶಗಳನ್ನು ಸಾಕುವುದು ಅವಳ ಕೆಲಸ. ಕೋಳಿ ಸಾಕುವವರಿದ್ದಾರೆ, ಜೇನು ಸಾಕುವವರಿದ್ದಾರೆ. ಇವಳು ಪ್ರಯೋಗಾಲಯದಲ್ಲಿ ಮನುಷ್ಯರ ಶ್ವಾಸನಾಳದ ಕೋಶಗಳನ್ನು ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಬೆಳೆಸುತ್ತಾಳೆ. ಕೆಳಗಿನಿಂದ ಆಹಾರ, ಮೇಲಿನಿಂದ ಗಾಳಿ. ದಿನಾ ಬೆಳಿಗ್ಗೆ ಮೇಲೆ ಕೂತ ಲೋಳೆಯನ್ನು ಬೆಚ್ಚಗಿನ ದ್ರವದಿಂದ ತೊಳೆಯಬೇಕು. ಅಲ್ಲಿರುವವರೆಲ್ಲ ಅವಳನ್ನು ಅಕ್ಕ ಅನ್ನುತ್ತಾರೆ. ಹಾಗೆ ಕರೆಯಬೇಕಾದವಳೊಬ್ಬಳು ಮಾತ್ರ ಈಗಿಲ್ಲ.

ತಂಗಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ. ಮುತ್ತಿಟ್ಟರೆ ಕೆನ್ನೆಯೆಲ್ಲ ಉಪ್ಪುಪ್ಪು. ಎದೆಯಲ್ಲಿ ಅಂಟಿನಂಥ ಕಫ. ಅಕ್ಕ "ಕೆಮ್ಮೇ, ಪುಟ್ಟಿ" ಎನ್ನುತ್ತ ಬೆನ್ನು ತಟ್ಟಿ ತಟ್ಟಿ ಅದನ್ನು ಸಡಿಲಿಸುತ್ತಿದ್ದಳು. ಕೊನೆಗಾಲದಲ್ಲಿ ತಂಗಿ ತನ್ನ ಕೋಶಗಳನ್ನೂ ಒಂದಿಷ್ಟು ಕಫವನ್ನೂ ಇದೇ ಪ್ರಯೋಗಾಲಯಕ್ಕೆ ಕೊಟ್ಟು, "ನಾನು ಹೋದ್ರೂ ನನ್ನ ಕಫ ನಿನ್ನ ಬಿಡಲ್ಲ ಕಣೇ ಅಕ್ಕ" ಎಂದು ಕೆಮ್ಮುತ್ತಲೇ ನಕ್ಕಿದ್ದಳು.

ಹೇಳಿದ ಹಾಗೇ ಆಯಿತು. ಪ್ರಯೋಗಾಲಯದ ಮೇಡಂಗೆ ಒಂದು ಅನುಮಾನವಿತ್ತು. ಸೋಂಕಿನ ಜೊತೆ ಕಾದಾಡಲು ಬರುವ ಬಿಳಿ ರಕ್ತಕಣಗಳು ಒಂದು ಕಿಣ್ವವನ್ನು ಚೆಲ್ಲುತ್ತವೆ. ಕಾಯಲು ಬಂದವರದೇ ಹಾವಳಿ! ಕೋಶದೊಳಕ್ಕೆ ಉಪ್ಪು ನುಗ್ಗುವ ಬಾಗಿಲನ್ನು ಆ ಕಿಣ್ವ ಹಾರು ಹೊಡೆದಿಡುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಒಳಹೋಗಿ, ಮೇಲಿನ ಕಫ ಒಣಗಿ ಗಟ್ಟಿಯಾಗುತ್ತದೆ. ಆ ಕಿಣ್ವ ತುಂಬಿದ ರೋಗಿಗಳ ಕಫವನ್ನು ಕೋಶಗಳ ಮೇಲೆ ಹಾಕಿ ಇದನ್ನು ಪರೀಕ್ಷಿಸುತ್ತಿದ್ದರು. ಆದರೆ ತಂಗಿಯ ಬಟ್ಟಲುಗಳಲ್ಲಿ ಮಾತ್ರ ಇದು ಕಾಣಿಸುತ್ತಲೇ ಇರಲಿಲ್ಲ.

"ಏನಮ್ಮಾ, ಮತ್ತೆ ತೊಳೆದುಬಿಟ್ರಾ?" ಎಂದು ಮೇಡಂ ಕೇಳಿದರು.

"ಬೆಳಿಗ್ಗೆ ಒಂದ್ಸಲ ಅಷ್ಟೇ ಮೇಡಂ."

"ಕಫ ಹಾಕಿದ್ಮೇಲೆ?"

ತಂಗಿಯ ಕೋಶಗಳ ಮೇಲೆ ಕಫ ಕೂತಿದ್ದನ್ನು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕಫದ ಜೊತೆ ಕಿಣ್ವವೂ ಕೊಚ್ಚಿಹೋಗುತ್ತಿತ್ತು. ಹೀಗೆ ಹಾಳಾಗಿ ಹಾಳಾಗಿ ಉಳಿದದ್ದು ಎರಡೇ ಬಟ್ಟಲು.

ಮೇಡಂ ಬೈಯಲಿಲ್ಲ. "ಎರಡಕ್ಕೂ ಅವಳ ಕಫ ಹಾಕಿ, ಒಂದಕ್ಕೆ ಮಾತ್ರ ಕಿಣ್ವ ತಡೆಯೋ ಔಷಧಿ ಸೇರಿಸೋಣ. ಉಪ್ಪು ಎಷ್ಟು ಒಳಹೋಯ್ತು ಅಂತ ಅಳೆದ ಮೇಲೆ ಕೋಶಗಳು ಉಳಿಯಲ್ಲ. ಬೇಡ ಅನಿಸಿದ್ರೆ ಬೇಡ ಅನ್ನಿ."

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕೋಶಗಳ ಮೇಲಿನ ರೋಮಗಳು ಗಾಳಿಗೆ ಬಾಗುವ ಹುಲ್ಲಿನಂತೆ ಆಡುತ್ತಿದ್ದವು. ಭೂಮಿಯ ಮೇಲೆ ತಂಗಿಯದು ಅಂತ ಜೀವ ಇದ್ದದ್ದು ಇಷ್ಟೇ. ಬೇಡ ಅನ್ನುವ ಮಾತು ಗಂಟಲವರೆಗೆ ಬಂತು. ಆದರೆ ತಂಗಿ ಕೊಟ್ಟದ್ದು ಮುಚ್ಚಟೆಯಾಗಿ ಬಚ್ಚಿಟ್ಟುಕೊಳ್ಳಲಿ ಎಂದಲ್ಲವಲ್ಲ.

"ಹಾಕೋಣ" ಎಂದಳು. ಅವತ್ತು ಸಂಜೆಯವರೆಗೂ ಕೈಗಳನ್ನು ಕೋಟಿನ ಜೇಬಿನಲ್ಲೇ ತುರುಕಿಕೊಂಡು ಓಡಾಡಿದಳು.

ಮರುದಿನ ಮೊದಲ ಬಟ್ಟಲಲ್ಲಿ ಕಫ ಅಂಟಾಗಿ, ರೋಮಗಳು ಅದರಡಿ ಸಿಕ್ಕಿಬಿದ್ದಿದ್ದವು. ಅಳೆದರೆ ಉಪ್ಪಿನ ಓಟ ಮಿತಿ ಮೀರಿತ್ತು. ಔಷಧಿ ಹಾಕಿದ ಬಟ್ಟಲಲ್ಲಿ ಕಫ ತೆಳ್ಳಗಿತ್ತು, ರೋಮಗಳು ಅದನ್ನು ಮೆಲ್ಲಗೆ ದೂಡುತ್ತಿದ್ದವು. ಉಪ್ಪಿನ ಓಟವೂ ಹದದಲ್ಲಿತ್ತು. ಮೇಡಂ ಅವಳ ಭುಜ ಹಿಡಿದು ಅಲ್ಲಾಡಿಸಿದರು. ಅವಳಿಗೆ ಖುಷಿಯಾಯಿತು, ಜೊತೆಗೇ ಅಳುವೂ ಬಂತು.

ಅದರ ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ದ್ರವ ಬೆಚ್ಚಗೆ ಮಾಡಿಕೊಂಡು, ಬಟ್ಟಲುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆರೆದಳು. ತಂಗಿಯ ಜಾಗ ಖಾಲಿಯಿತ್ತು. ತೊಳೆಯಲು ಏನೂ ಇರಲಿಲ್ಲ.

"ಒಂದೇ ಒಂದ್ಸಲ ಕೆಮ್ಮೇ, ಪುಟ್ಟಿ" ಎಂದಳು.